ಟೈಲರ್ ಅಕ್ಕನ ಹೆಬ್ಬೆರಳು

ಮಾರ್ಚ್ 4, ಸಂಜೆ

ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಇಂದು ಗಾಯ ಕಟ್ಟಿಸಿಕೊಳ್ಳಲು ಹದಿನೆಂಟು ಜನ. ಸೊಂಟ ಬಿದ್ದುಹೋಯಿತು. ಕೊನೆಗೆ ಬಂದವರು ಹೊಸಬರು — ಟೈಲರ್, ಸಕ್ಕರೆ ಕಾಯಿಲೆ, ಕಾಲಿನ ಹೆಬ್ಬೆರಳಲ್ಲಿ ಹುಣ್ಣು. ಚೀಟಿಯಲ್ಲಿ ಗಂಡು ಹೆಸರು, ಎದುರಿಗೆ ಹೆಂಗಸು. "ಅಕ್ಕ ಅಂತ ಕರೀರಿ, ಸಾಕು" ಎಂದರು. ಬಾಯಿ ತುಂಬ ಕರೆದೆ. ದಿನ ಬಿಟ್ಟು ದಿನ ಬನ್ನಿ ಎಂದೆ. ನನ್ನ ಬಗ್ಗೆ ನನಗೇ ಮೆಚ್ಚುಗೆ.

ಮಾರ್ಚ್ 6

ಟೈಲರ್ ಅಕ್ಕ ಬರಲಿಲ್ಲ.

ಮಾರ್ಚ್ 8

ಇವತ್ತೂ ಇಲ್ಲ. ಫೋನ್ ಎತ್ತುತ್ತಿಲ್ಲ. ಡಾಕ್ಟರ್ ಕಡ್ಡಿ ಮುರಿದಂತೆ ಹೇಳಿದರು: "ಇನ್ನೊಂದು ವಾರ ಬಿಟ್ರೆ ಬೆರಳು ತೆಗೀಬೇಕಾಗುತ್ತೆ." ನಾನು ಒಂದು ಒರಟು ಮಾತೂ ಆಡಲಿಲ್ಲವಲ್ಲ...

ಮಾರ್ಚ್ 10, ಮಧ್ಯಾಹ್ನ

ಊಟದ ಬಿಡುವಿನಲ್ಲಿ ಅಂಗಡಿಗೇ ಹೋದೆ. ನೆಪಕ್ಕೆ ಯೂನಿಫಾರ್ಮ್ ಬಟ್ಟೆ. ಅಕ್ಕ ಕುಂಟುತ್ತ ಎದ್ದು ಟೇಪ್ ತೆಗೆದರು. ಎರಡೂ ತುದಿ ಹಿಡಿದು, ಮೈಗೆ ಸೋಕದಂತೆ ಗಾಳಿಯಲ್ಲೇ ಭುಜ ಅಳೆದರು.

"ಹೀಗೆ ಅಳೆದ್ರೆ ಸರಿ ಬರುತ್ತಾ ಅಕ್ಕ?"

"ಬರಲ್ಲ. ಆದ್ರೆ ಮುಟ್ಟಿದ್ರೆ ನಿಮಗಾಗಲ್ವಲ್ಲ ಸಿಸ್ಟರ್. ನಾಡಿ ನೋಡೋಕೂ ಗ್ಲೌಸ್ ಹಾಕ್ಕೊಂಡ್ರಿ. ನನ್ನ ಮುಂದಿದ್ದ ಅಜ್ಜಿಗೆ ಬರಿಗೈಲೇ ನೋಡಿದ್ರಿ."

ಹೌದು, ಹಾಕಿಕೊಂಡಿದ್ದೆ. ಹುಣ್ಣಿಗೆ ಗ್ಲೌಸ್ ಬೇಕು, ನಾಡಿಗೆ ಬೇಡ — ಇಪ್ಪತ್ತೆರಡು ವರ್ಷದ ಸರ್ವೀಸು, ಗೊತ್ತಿಲ್ಲವೇ? ಬಾಯಿ ಅಕ್ಕ ಎಂದಿತು, ಕೈ ಬೇರೇನೋ ಹೇಳಿತು. ನಾಚಿಕೆಯಿಂದ ಕುಗ್ಗಿಹೋದೆ.

"ತಪ್ಪಾಯ್ತು ಅಕ್ಕ. ನನ್ನ ಮೇಲಿನ ಸಿಟ್ಟು ಬೆರಳಿನ ಮೇಲೆ ತೀರಿಸ್ಕೋಬೇಡಿ."

ಅಕ್ಕ ಟೇಪ್ ಸುತ್ತಿದರು. "ಒಂದು ತೋಳು ಉದ್ದ, ಒಂದು ಗಿಡ್ಡ ಬಂದ್ರೆ ನನ್ನ ಬೈಬೇಡಿ" ಎಂದು ಬಟ್ಟೆ ತೆಗೆದಿಟ್ಟರು. ಅಷ್ಟೇ. ಬರುತ್ತಾರೋ ಇಲ್ಲವೋ.

ಮಾರ್ಚ್ 12, ಹನ್ನೊಂದೂವರೆ

ಬಂದರು! ಆದರೆ ಹೆಬ್ಬೆರಳ ತುದಿ ಕಪ್ಪಿಟ್ಟಿದೆ. ಡಾಕ್ಟರನ್ನು ಕರೆದೆ. ಡಾಕ್ಟರ್ ಬಗ್ಗಿ ತುದಿ ಅದುಮಿದರು. ಅಕ್ಕನಿಗೆ ನೋವೇ ಇಲ್ಲ. ಸ್ವಲ್ಪ ಮೇಲೆ ಮತ್ತೆ ಅದುಮಿದರು — "ಅಯ್ಯಯ್ಯೋ!" ಪಕ್ಕದಲ್ಲಿದ್ದ ನನ್ನ ಭುಜವನ್ನು ಅಕ್ಕ ಗಬಕ್ಕನೆ ಹಿಡಿದುಕೊಂಡರು.

"ನೋವಾಯ್ತಾ? ಒಳ್ಳೇದಾಯ್ತು. ಜೀವ ಇದೆ, ಉಳಿಸ್ಕೋಬಹುದು," ಎಂದರು ಡಾಕ್ಟರ್.

ಅಕ್ಕ ಗಾಬರಿಯಾಗಿ ಕೈ ತೆಗೆಯಲು ಹೋದರು.

"ಇರ್ಲಿ ಬಿಡಿ ಅಕ್ಕ."

ಡ್ರೆಸ್ಸಿಂಗ್ ಮುಗಿಯುವವರೆಗೂ ಆ ಕೈ ಅಲ್ಲೇ ಇತ್ತು. ಒಮ್ಮೆ ಮೆಲ್ಲಗೆ ತಟ್ಟಿತು ಕೂಡ — ರೋಗಿ ಯಾರು, ನರ್ಸ್ ಯಾರು! ಕಣ್ಣು ತುಂಬಿ ಬ್ಯಾಂಡೇಜ್ ಗಂಟು ಎರಡು ಸಲ ತಪ್ಪಿತು.

ಹೊರಗೆ ಇನ್ನೂ ಒಂಬತ್ತು ಜನ. ಕರೆಯುತ್ತಿದ್ದಾರೆ. ಭುಜ ಇನ್ನೂ ನೋಯುತ್ತಿದೆ. ನೋಯಲಿ, ನನ್ನಲ್ಲೂ ಇನ್ನೂ ಜೀವ ಇದೆ.