ಕರೆಂಟ್ ಹೋದಾಗಿನ ಓದು

ಬೋರಗಾಂವ
12 ಮಾರ್ಚ್ 1993

ವಾಚನಾಲಯದ ಶಾಂತಿನಾಥ ಮಾಸ್ತರರಿಗೆ ಇಮಾಮಸಾಬ ನದಾಫನ ಸಲಾಮ್ರಿ.

ಪುಸ್ತಕ ವಾಪಸ್ ಕೊಡೂದು ತಡಾ ಆಗೈತಿ ಅಂತ ಹೇಳಿ ಕಳಿಸಿದ್ರಿ. ತಪ್ಪು ನಂದಲ್ರಿ. ನನಗ ಕಣ್ಣು ಕಾಣೂದಿಲ್ಲ, ತಂಗಿ ಮೈಮುನಾ ಓದಿ ಹೇಳಬೇಕು. ಮನ್ಯಾಗ ಎರಡು ಪಾವರ್‌ಲೂಮ್ ಮಗ್ಗ ಅದಾವು. ಅವು ನಡದಾಗ ಕಿವ್ಯಾಗ ಒದರಿದ್ರೂ ಕೇಳಂಗಿಲ್ಲ. ಕರೆಂಟ್ ಹೋಗಿ ಮಗ್ಗ ನಿಂತ್ರನ ನಮ್ಮ ಓದು. ಈ ತಿಂಗಳ ಹಾಳಾದ ಕರೆಂಟ್ ಹೋಗವಲ್ದು! ಓಣ್ಯಾಗ ಎಲ್ಲಾರಿಗೂ ಖುಷಿ, ನನಗೊಬ್ಬಗ ಸಿಟ್ಟು. ಕಥಿಯೊಳಗಿನ ಹುಡಿಗಿ ಇನ್ನೂ ನಡು ಹೊಳ್ಯಾಗ ದೋಣ್ಯಾಗನ ಕುಂತಾಳ. ಆಕಿನ್ನ ಅಲ್ಲೇ ಬಿಟ್ಟು ಪುಸ್ತಕ ಹೆಂಗ ಕೊಡ್ಲಿ? ಇನ್ನೊಂದು ಹದಿನೈದು ದಿನ ಇರಲಿ.

ನಿಮ್ಮ
ಇಮಾಮಸಾಬ (ಹೆಬ್ಬಟ್ಟು)

ಮಾಸ್ತರ, ಮ್ಯಾಲಿಂದು ಅಣ್ಣ ಹೇಳಿ ಬರಿಸಿದ್ದು. ಇಲ್ಲಿಂದ ನಾ ಮೈಮುನಾ ನಂದ ಮಾತು ಬರಿಯಾಕತ್ತೀನ್ರಿ. ಅಣ್ಣಗ ಗೊತ್ತಿಲ್ಲ. ಆ ಹುಡಿಗಿ ದಂಡಿ ಮುಟ್ಟಿ, ಸಾಲಿ ಅಕ್ಕೋರು ಆಗ್ಯಾಳ. ನಾ ಆಗಲೇ ಓದಿ ಮುಗಿಸೀನಿ. ಮಗ್ಗದ ಸಪ್ಪಳದಾಗ ಹಾಳಿ ತಿರುವೂದು ಅವಗ ಕೇಳಂಗಿಲ್ಲ. ನನ್ನ ಸಾಲಿ ಬಿಡಿಸ್ಯಾರ. ನನಗಂತ ಪುಸ್ತಕ ಹಿಡದ್ರ ಅಬ್ಬಾ ಬೈತಾರ, ಅಣ್ಣಗ ಓದಿ ಹೇಳೂದಂದ್ರ ಸುಮ್ನ ಇರ್ತಾರ.

ಮುಂದಿನ ಪುಸ್ತಕ ದಪ್ಪಂದು ಕಳಸ್ರಿ.