ಡೆಲ್ಬರ್ಟ್ ಎಸೆದ ಮೆತ್ತೆ

ಲಾರೆಲ್ ಗ್ಯಾಪ್, ಟೆನೆಸೀ
ಅಕ್ಟೋಬರ್ 6, ಸೋಮವಾರ

ಮುದ್ದು ಮೊಮ್ಮಗ ವೇಡ್‌ಗೆ, ನಿನ್ನ ಅಜ್ಜಿ ಮಾಡುವ ಆಶೀರ್ವಾದಗಳು.

ಹೇಗಿದ್ದೀಯ ಕಂದಾ? ಮಣಿಕಟ್ಟಿನ ನೋವು ಕಡಿಮೆಯಾಯಿತೇ? ಆ ಷಾರ್ಲೆಟ್ ಪಟ್ಟಣದಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಪೆಟ್ರೋಲ್ ಬಂಕಿನ ಸ್ಯಾಂಡ್‌ವಿಚ್ ತಿಂದೇ ದಿನ ದೂಡುತ್ತೀಯೋ ಎಂಬುದೇ ನನ್ನ ಚಿಂತೆ. ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಮುಸುಕು ಹಾಕಿಕೋ, ಗಂಡಸುತನ ತೋರಿಸಬೇಡ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಹೋದ ವಾರ ಚರ್ಚಿನ ಹಿಂದೆ ದೊಡ್ಡ ತಾಮ್ರದ ಹಂಡೆಯಿಟ್ಟು ಎಲ್ಲ ಹೆಂಗಸರೂ ಸೇರಿ ಸೇಬಿನ ಗೊಜ್ಜು ಕಾಯಿಸಿದೆವು. ನಿನಗೆಂದು ಎರಡು ಬಾಟಲಿ ಎತ್ತಿಟ್ಟಿದ್ದೇನೆ. ನಿನ್ನ ನಾಯಿ ಡೀಸೆಲ್ ಈಗ ನನ್ನ ಕಾಲ ಬಳಿಯೇ ಮಲಗಿ ಗೊರಕೆ ಹೊಡೆಯುತ್ತಿದೆ. ಅದಕ್ಕೂ ವಯಸ್ಸಾಯಿತು, ಆದರೂ ನಿನ್ನ ಹೆಸರು ಕೇಳಿದರೆ ಬಾಲ ಅಲ್ಲಾಡಿಸುತ್ತದೆ.

ಇಷ್ಟು ಕ್ಷೇಮ ಸಮಾಚಾರ. ಈಗ ಜಗಳಕ್ಕೆ ಬರುತ್ತೇನೆ.

ಮೊನ್ನೆ ನೀನು ಅಮ್ಮನಿಗೆ ಫೋನ್ ಮಾಡಿದಾಗ ನಾನು ಅಡುಗೆಮನೆಯಲ್ಲಿ ಬೀನ್ಸ್ ಸೋಸುತ್ತಿದ್ದೆ. ಅಜ್ಜಿಗೆ ಕಿವಿ ಮಂದ ಎಂದು ಈ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ನಾನು ಅದನ್ನು ತಿದ್ದಲು ಹೋಗಿಲ್ಲ, ಬಹಳ ಅನುಕೂಲವಾಗಿದೆ. "ಭಾನುವಾರದ ರೇಸಿಗೆ ಕಾರ್ ಬೇಕಮ್ಮ, ಶನಿವಾರ ಬಂದು ತಗೊಂಡ್ ಹೋಗ್ತೀನಿ. ಅಪ್ಪ ಮನೇಲಿ ಇಲ್ದಿರೋ ಹೊತ್ತು ಯಾವ್ದು ಹೇಳು" ಎಂದೆ ನೀನು. ನಿನ್ನ ಅಮ್ಮ ಪಾಪ, ಗಂಡನಿಗೂ ಮಗನಿಗೂ ನಡುವೆ ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಾಗಿದ್ದಾಳೆ. ಬೆಳಿಗ್ಗೆ ಅವರು ಸಾಮಾನು ತರಲು ಪೇಟೆಗೆ ಹೋಗುತ್ತಾರೆ, ಆಗ ಬಾ ಎಂದು ಪಿಸುಗುಟ್ಟಿದಳು. ವೇಡ್, ಆ ಮಾತು ಕೇಳಿ ನಾನು ಬೀನ್ಸಿನ ತಟ್ಟೆ ಕೆಳಗಿಟ್ಟುಬಿಟ್ಟೆ. ಮಗ ತನ್ನ ಅಪ್ಪನ ಮನೆಗೆ ಕಳ್ಳನಂತೆ ಹೊತ್ತು ಕೇಳಿಕೊಂಡು ಬರುವುದೇ? ಈ ಮನೆಯಲ್ಲಿ ಅಂಥದ್ದು ಎಂದೂ ಆಗಿರಲಿಲ್ಲ. ನಿನ್ನ ತಾತ ಮತ್ತು ನಿನ್ನ ಅಪ್ಪ ಕೈ ಕೈ ಮಿಲಾಯಿಸುವಷ್ಟು ಜಗಳವಾಡಿದ್ದುಂಟು, ಆದರೆ ಒಂದೇ ಮೇಜಿಗೆ ಕೂತು ಒಂದೇ ಬಾಣಲೆಯ ಜೋಳದ ರೊಟ್ಟಿ ಮುರಿದು ತಿನ್ನುತ್ತಿದ್ದರು.

ನಿನ್ನ ಸಂಕಟ ನನಗೆ ತಿಳಿಯದೇ? ಆ ಜೂನ್ ತಿಂಗಳ ಭಾನುವಾರ ನಾನೂ ಅಲ್ಲೇ ಇದ್ದೆನಲ್ಲ. ಪಾದ್ರಿಗಳು ರೇಸ್ ಇದ್ದ ದಿನ ಎಂದಿನಂತೆ ಪ್ರವಚನವನ್ನು ಗಿಡ್ಡ ಮಾಡಿದ್ದರು, ಇಡೀ ಚರ್ಚು ಹಾಗೆಯೇ ಎದ್ದು ಟ್ರ್ಯಾಕಿಗೆ ಬಂದಿತ್ತು. ನಿನ್ನ ಅಪ್ಪ ನನ್ನನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ, ರೇಸ್ ಮುಗಿಯುವ ಗೆರೆಯ ಎದುರಿನ ನಮ್ಮ ಹಳೆಯ ಜಾಗದಲ್ಲಿ ಕೂರಿಸಿದ. ನಿನ್ನ ಕಾರು ಎಲ್ಲರ ಮುಂದೆ. ಆ ಕೋಡಿ ಟ್ರಿಪ್ಲೆಟ್ ಎರಡನೆಯವನಾಗಿ ದೂರದಲ್ಲಿ ಉಸಿರು ಬಿಡುತ್ತಿದ್ದ. ವಸಂತದಲ್ಲಿ ಅವನು ನಿನ್ನನ್ನು ಗೋಡೆಗೆ ತಳ್ಳಿದ್ದನ್ನು ನಿನ್ನ ಅಪ್ಪ ಮರೆತಿರಲಿಲ್ಲ. "ಆ ಟ್ರಿಪ್ಲೆಟ್ ನನ್ ಕೈಗೆ ಸಿಗ್ಲಿ, ಅವನ ಹಲ್ಲು ಎಣಿಸ್ಕೊಡ್ತೀನಿ" ಎಂದು ಊರೆಲ್ಲ ಸಾರಿಕೊಂಡು ಬಂದಿದ್ದ. ಕ್ಯಾರೊಲೈನಾದ ದೊಡ್ಡ ತಂಡದ ಯಜಮಾನರು ಅಂದು ನಿನ್ನನ್ನು ನೋಡಲೆಂದೇ ಬಂದು ಮೇಲೆ ಕೂತಿದ್ದರು. ಬಿಳಿ ಬಾವುಟ ಆಡಿತು. ಇನ್ನು ಒಂದೇ ಸುತ್ತು. ನೀನು ಗೆರೆ ದಾಟಿ ಹೋದೆ, ಟ್ರಿಪ್ಲೆಟ್ ಇನ್ನೂ ಹಿಂದೆ ಬರುತ್ತಿದ್ದ. ಅಷ್ಟರಲ್ಲಿ ನಿನ್ನ ಅಪ್ಪ ಕೂತಿದ್ದ ಮೆತ್ತೆ ಬೇಲಿ ದಾಟಿ ಟ್ರ್ಯಾಕಿನ ಮಧ್ಯಕ್ಕೆ ಬಿತ್ತು.

ಟ್ರ್ಯಾಕಿನ ಮೇಲೆ ಏನು ಬಿದ್ದರೂ ಹಳದಿ ಬಾವುಟ, ಹಳದಿ ಬಿದ್ದರೆ ಮುಂದಿದ್ದವನ ಅಂತರ ಸೊನ್ನೆ. ಇದನ್ನು ನಿನಗೆ ಎಳೆಯವನಿದ್ದಾಗ ಹೇಳಿಕೊಟ್ಟವನೇ ನಿನ್ನ ಅಪ್ಪ. ಎಲ್ಲ ಕಾರುಗಳೂ ಬಾಲಕ್ಕೆ ಮೂತಿ ಹಚ್ಚಿ ಸಾಲಾದವು. ಮತ್ತೆ ಎರಡು ಸುತ್ತು ಬಿಟ್ಟರು. ಟ್ರಿಪ್ಲೆಟ್ ನಿನ್ನ ಹಿಂಬದಿಗೆ ಮೂತಿ ತಾಗಿಸಿ ಪಕ್ಕಕ್ಕೆ ಸರಿಸಿ ಗೆದ್ದುಕೊಂಡು ಹೋದ. ಆಮೇಲೆ ನಡೆದದ್ದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ. ಒಬ್ಬ ಎಸೆದದ್ದನ್ನು ಕಂಡವರಿಗೆಲ್ಲ ಪರವಾನಗಿ ಸಿಕ್ಕಂತಾಯಿತು. ಟ್ರಿಪ್ಲೆಟ್ ಕಾರಿನಿಂದ ಇಳಿಯುತ್ತಲೇ ಬಿಯರ್ ಡಬ್ಬಿ, ಐಸು, ಚಿಕನ್ ಮೂಳೆ, ಯಾರದೋ ಬೂಟು ಸಹ ಹಾರಿದವು. ಬೆಳಿಗ್ಗೆ ನನ್ನ ಪಕ್ಕ ನಿಂತು ಸ್ತೋತ್ರ ಹಾಡಿದವರೇ ಅವರು! ತುಂಬಿದ ಡಬ್ಬಿಯೊಂದು ಟ್ರ್ಯಾಕ್ ಗುಡಿಸುವ ಪೆನಿಯ ಹುಬ್ಬಿಗೆ ಬಡಿದು ರಕ್ತ ಸುರಿಯಿತು. ಅವಳು ಆಗ ನಮ್ಮ ಮೆತ್ತೆಯನ್ನೇ ಎತ್ತಿಕೊಂಡು ಬರುತ್ತಿದ್ದಳು. ನಾನೇ ಹಳದಿ ಉಲ್ಲನ್‌ನಲ್ಲಿ ನಿನ್ನ ಕಾರಿನ ನಂಬರು ಹೊಲಿದಿದ್ದ ಮೆತ್ತೆ. ಗ್ಯಾಲರಿಗೆ ಗ್ಯಾಲರಿಯೇ ಅದನ್ನು ನೋಡಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಕಣೋ.

ಯಜಮಾನರು ಟ್ರಿಪ್ಲೆಟ್‌ನನ್ನು ಕರೆದುಕೊಂಡು ಹೋದರು. ನೀನು ಗುಂಪಿನ ನಡುವೆ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತು, "ಟ್ರಿಪ್ಲೆಟ್ ಮೇಲಿನ ನಿನ್ ಸಿಟ್ಟು ನನ್ ಗೆಲುವಿಗಿಂತ ದೊಡ್ಡದಾಯ್ತಾ ಅಪ್ಪಾ?" ಎಂದು ಕೇಳಿದೆ. ನಿನ್ನ ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನೀನು ಗಾಡಿ ಹತ್ತಿದೆ. ಅಂದಿನಿಂದ ಇಂದಿನವರೆಗೆ ನೀನು ಅವನ ಜೊತೆ ಒಂದು ಮಾತೂ ಆಡಿಲ್ಲ. ಅವನು ಫೋನ್ ಎತ್ತಿದರೆ ಆ ಕಡೆ ಬರೀ ಉಸಿರು ಕೇಳಿಸುತ್ತದೆಯಂತೆ, ಆಮೇಲೆ ಅದೂ ಇಲ್ಲ. ನಿನ್ನದು ತಪ್ಪು ಎನ್ನುತ್ತಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೇರೆಯವರು ಓಡಿಸುವ ಕಾರುಗಳಿಗೆ ನೀನು ಬೋಲ್ಟು ಬಿಗಿಯುತ್ತಿದ್ದೀಯ.

ಆದರೆ ಇಲ್ಲಿ ಏನಾಯಿತು ಎಂಬುದು ನಿನಗೆ ಗೊತ್ತಿಲ್ಲ, ಕೇಳು. ಟ್ರ್ಯಾಕಿನ ಒಡತಿ ಅರ್ಲೀನ್ ಮರುದಿನವೇ ಮನೆಗೆ ಬಂದಳು. ಕಾಫಿ ಕುಡಿದಳು, ಪೈ ತಿಂದಳು, ಆಮೇಲೆ ತಟ್ಟೆ ಸರಿಸಿ ಹೇಳಿದಳು: "ಡೆಲ್ಬರ್ಟ್, ನೀನು ನಂಗೆ ತಮ್ಮ ಇದ್ದ ಹಾಗೆ. ಆದ್ರೆ ಈ ವರ್ಷ ನೀನು ನನ್ ಗೇಟ್ ದಾಟಿದ್ಯೋ, ಷೆರಿಫ್‌ನ ಕರೀತೀನಿ." ಡಬ್ಬಿ ಎಸೆದವರು ಕೋರ್ಟಿಗೆ ಅಲೆದರು, ನಾನಲ್ಲ ಅವನು, ಅವನಲ್ಲ ಇವನು ಎಂದು ಒಬ್ಬರ ಮೇಲೊಬ್ಬರು ಹೇಳಿಕೊಂಡರು. ನಿನ್ನ ಅಪ್ಪ ವಾದಿಸಲಿಲ್ಲ. "ಶುರು ಮಾಡಿದ್ದು ನಾನೇ ಅಲ್ವಾ ಅಕ್ಕಾ" ಎಂದಷ್ಟೇ ಹೇಳಿ ಅವಳನ್ನು ಗಾಡಿಯವರೆಗೆ ಬಿಟ್ಟು ಬಂದ. ಈಗ ಗ್ಯಾಲರಿಗೆ ಮೆತ್ತೆ ಒಯ್ಯುವಂತಿಲ್ಲ ಎಂದು ಗೇಟಿನಲ್ಲಿ ಹಲಗೆ ಹಾಕಿದ್ದಾರೆ. ಅಲ್ಯುಮಿನಿಯಂ ಬೆಂಚಿನ ಮೇಲೆ ಬರಿದೇ ಕೂರಬೇಕು. ನಿನ್ನ ಅಪ್ಪನ ದೆಸೆಯಿಂದ ಇಡೀ ಊರಿನ ಅಂಡು ಹೆಪ್ಪುಗಟ್ಟುತ್ತಿದೆ, ಚರ್ಚಿನ ಹೆಂಗಸರು ನನ್ನನ್ನು ನೋಡಿದಾಗಲೆಲ್ಲ ಸೊಂಟ ಹಿಡಿದುಕೊಂಡು ನರಳುತ್ತಾರೆ. ಪಾದ್ರಿಗಳು ಮೊದಲ ಕಲ್ಲು ಎಸೆಯುವವರ ಬಗ್ಗೆ ಪ್ರವಚನ ಮಾಡಿದ ದಿನ ಹಿಂದಿನ ಸಾಲಿನಿಂದ ಯಾರೋ "ಮೊದಲ ಮೆತ್ತೆ ಅನ್ನಿ ಫಾದರ್" ಎಂದರು. ಎಲ್ಲರೂ ನಕ್ಕರು. ನಿನ್ನ ಅಪ್ಪ ಟೋಪಿಯನ್ನು ಮಡಿಲಲ್ಲಿ ತಿರುಗಿಸುತ್ತಾ ಕೂತಿದ್ದ.

ಪೆನಿಯ ಹುಬ್ಬಿಗೆ ಹೊಲಿಗೆ ಬಿದ್ದ ವಾರವೆಲ್ಲ ಅವನು ಅವಳ ಮನೆಯ ಹುಲ್ಲು ಕತ್ತರಿಸಿದ, ಸೋರುತ್ತಿದ್ದ ನಲ್ಲಿ ಸರಿಮಾಡಿದ, ನಾನು ಮಾಡಿಕೊಟ್ಟ ಬಾಳೆಹಣ್ಣಿನ ಪುಡಿಂಗ್ ಒಯ್ದುಕೊಟ್ಟ. ಕೊನೆಗೆ ಅವಳೇ, "ಡೆಲ್ಬರ್ಟಣ್ಣ, ನೀನು ಎಸೆದಿದ್ದು ಮೆತ್ತೆ, ನಂಗೆ ಬಡಿದಿದ್ದು ಡಬ್ಬಿ. ಡಬ್ಬಿಯವರು ಒಬ್ರೂ ಈ ಕಡೆ ತಲೆ ಹಾಕ್ಲಿಲ್ಲ. ಇನ್ನು ಸಾಕು, ನನ್ ಮನೇಲಿ ರಿಪೇರಿಗೆ ಏನೂ ಉಳಿದಿಲ್ಲ" ಎಂದು ಕೈಮುಗಿದಳಂತೆ. ಅವಳ ಹುಬ್ಬಿನಲ್ಲಿ ಗೆರೆ ಉಳಿದಿದೆ. ಅದನ್ನು ನೋಡಿದಾಗ ಅವನು ಇವತ್ತಿಗೂ ಕಣ್ಣು ತಪ್ಪಿಸುತ್ತಾನೆ.

ಇನ್ನೊಂದು ವಿಚಿತ್ರ ಹೇಳುತ್ತೇನೆ. ಊರಿನ ಪಡ್ಡೆಗಳಿಗೆ ನಿನ್ನ ಅಪ್ಪ ಈಗ ದೊಡ್ಡ ಶೂರ. ಬಂಕಿನ ಕಾಫಿ ಕಟ್ಟೆಯಲ್ಲಿ ಅವನ ಬೆನ್ನು ತಟ್ಟುತ್ತಾರೆ. "ಭಲೇ ಮಾವ! ಆ ಟ್ರಿಪ್ಲೆಟ್‌ಗೆ ಸರಿಯಾಗಿ ಇಟ್ಟೆ. ಇನ್ನೊಂದ್ ಅಡಿ ಆಚೆ ಹೋಗಿದ್ರೆ ಅವನ ಗಾಜಿಗೇ ಬೀಳ್ತಿತ್ತು!" ಮೊದಲಿನ ಡೆಲ್ಬರ್ಟ್ ಆಗಿದ್ದರೆ ಇಂಥ ಹೊಗಳಿಕೆಗೆ ಎರಡು ಕಪ್ ಕಾಫಿ ಹೆಚ್ಚು ಕುಡಿಯುತ್ತಿದ್ದ. ಈಗ ಅರ್ಧ ಕಪ್ಪು ಅಲ್ಲೇ ಬಿಟ್ಟು ಎದ್ದು ಬರುತ್ತಾನೆ. ಟ್ರಿಪ್ಲೆಟ್‌ನ ಹೆಸರನ್ನು ಮನೆಯಲ್ಲಿ ಎತ್ತುವುದೇ ಇಲ್ಲ.

ರೇಸ್ ಇದ್ದ ಭಾನುವಾರಗಳಲ್ಲಿ ಅವನು ಸ್ಮಶಾನದ ದಿಬ್ಬ ಹತ್ತಿ ನಿನ್ನ ತಾತನ ಗೋರಿಯ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಅಲ್ಲಿಂದ ಟ್ರ್ಯಾಕಿನ ಮೂರನೆಯ ತಿರುವು ಮಾತ್ರ ಕಾಣುತ್ತದೆ. ಕಾರುಗಳು ಮರದ ಹಿಂದಿನಿಂದ ಬರುತ್ತವೆ, ಮರದ ಹಿಂದೆ ಹೋಗುತ್ತವೆ, ಯಾರು ಗೆದ್ದರೆಂದು ಮೈಕಿನಲ್ಲಿ ಕೂಗಿದಾಗಲೇ ಗೊತ್ತು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಒಂದು ಹೊದಿಕೆ, ಒಂದು ಡಬ್ಬಿ ಬೇಯಿಸಿದ ಕಡಲೇಕಾಯಿ, ತಾಯಿ ಮಗ ಇಬ್ಬರೂ ಸತ್ತವರ ನಡುವೆ ಕೂತು ರೇಸ್ ನೋಡಿದೆವು. ನಿನ್ನ ತಾತ ಇದ್ದಿದ್ದರೆ ನಗುತ್ತಿದ್ದರು, ಅಥವಾ ನಮ್ಮಿಬ್ಬರಿಗೂ ಬೈಯುತ್ತಿದ್ದರು.

ಇನ್ನು ಕಾರಿನ ವಿಷಯ. ನೀನು ಬಿಟ್ಟು ಹೋದ ದಿನದಿಂದ ಅದು ನಮ್ಮ ಶೆಡ್ಡಿನಲ್ಲೇ ಇದೆ. ಈ ಭಾನುವಾರ ನಡೆಯುವ ವರ್ಷದ ಕೊನೆಯ ರೇಸಿಗೆ ನೀನು ಹೆಸರು ಕೊಟ್ಟಿದ್ದೀ ಎಂದು ಟ್ರ್ಯಾಕಿನವರಿಂದ ತಿಳಿದ ಮೇಲೆ ನಿನ್ನ ಅಪ್ಪ ಕೆಲಸ ಮುಗಿಸಿ ಬಂದವನೇ ಶೆಡ್ಡಿಗೆ ಇಳಿಯುತ್ತಾನೆ. ಟ್ರಿಪ್ಲೆಟ್ ತಾಗಿಸಿ ತಗ್ಗು ಮಾಡಿದ್ದ ಹಿಂಬದಿಯ ತಗಡನ್ನು ಬಡಿದು ಬಡಿದು ನೆಟ್ಟಗೆ ಮಾಡಿದ್ದಾನೆ. ಸೀಟನ್ನು ನಿನ್ನ ಮೈಗೆ ಹೊಂದುವಂತೆ ಮತ್ತೆ ಕೂರಿಸಿದ್ದಾನೆ. ನೀನು ಸೊರಗಿದ್ದೀಯ ಎಂದು ಅಮ್ಮ ಹೇಳಿದ್ದನ್ನು ಕೇಳಿ ಪಕ್ಕದ ಪಟ್ಟಿಗೆ ಒಂದು ಸ್ಪಂಜು ಹೆಚ್ಚು ಸೇರಿಸಿದ. ಮಾತಾಡದ ಮಗನ ಸೊಂಟದ ಅಳತೆಯನ್ನು ಕೂಡ ಯೋಚಿಸುವವನು ಅವನು. ನೀನು ಬಂದು ಕೀಲಿ ತಿರುಗಿಸಿ ಕದ್ದು ಎಳೆದುಕೊಂಡು ಹೋದರೆ, ಆಮೇಲೆ ಪೇಟೆಯಿಂದ ಬಂದು ಖಾಲಿ ಶೆಡ್ಡು ನೋಡುವವನ ಮುಖವನ್ನು ನಾನು ನೋಡಬೇಕಾಗುತ್ತದೆ. ನನ್ನಿಂದ ಆಗದು ಮಗು. ನಿನ್ನ ಅಪ್ಪ ನಿನಗೆ ಎಷ್ಟೇ ದೊಡ್ಡವನಾಗಿರಲಿ, ಅವನು ನನ್ನ ಮಗ, ನಾನು ಹೆತ್ತವಳು.

ಆದ್ದರಿಂದ ನಿನ್ನ ಅಮ್ಮ ಹೇಳಿದ ಹೊತ್ತಿಗೆ ಬರಬೇಡ. ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಬಾ. ಚಿಕನ್ ಕರಿಯುತ್ತೇನೆ, ನಿನಗಿಷ್ಟವಾದ ಕಾಲಿನ ತುಂಡು ಎತ್ತಿಡುತ್ತೇನೆ. ಅವನು ಸಲಹೆ ಕೊಡಲು ಶುರು ಮಾಡಿದರೆ ನಾನು ತಡೆಯುತ್ತೇನೆ. ಕ್ಷಮಿಸು ಎಂದು ನಾನು ಹೇಳುತ್ತಿಲ್ಲ, ಅದು ನಿನ್ನ ಮನಸ್ಸಿಗೆ ಬಿಟ್ಟದ್ದು. ಅವನ ಎದುರಿಗೆ ಬಂದು ಕಾರು ತೆಗೆದುಕೊಂಡು ಹೋಗು, ಅಷ್ಟೇ ಕೇಳುವುದು.

ಡೀಸೆಲ್ ಎದ್ದು ಬಾಗಿಲು ಕೆರೆಯುತ್ತಿದೆ. ಅಮ್ಮ ನಿನಗೆ ಉಣ್ಣೆಯ ಕಾಲುಚೀಲ ತೆಗೆದಿಟ್ಟಿದ್ದಾಳೆ. ಚಕ್ರಕ್ಕೆ ಹಿಡಿತ ಇರಲಿ, ತಲೆಗೆ ತಂಪು ಇರಲಿ, ದೇವರು ನಿನ್ನ ಎಡಬಲಕ್ಕಿರಲಿ.

ನಿನ್ನನ್ನು ಎತ್ತಿ ಆಡಿಸಿದ ಅಜ್ಜಿ,
ಮೋಜೆಲ್

ಬಿಟ್ಟುಹೋದ ಮಾತು: ಅಂಚೆಯವಳ ಗಾಡಿ ತಿರುವಿನಲ್ಲಿ ಕಾಣುತ್ತಿದೆ, ಬೇಗ ಬೇಗ ಬರೆಯುತ್ತೇನೆ. ಇದನ್ನು ನಿನಗೆ ಹೇಳಕೂಡದೆಂದು ನಿನ್ನ ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದ. "ಸಿಟ್ಟಲ್ಲಿ ಎಸೆದ ಅಂತಾನೇ ಇರ್ಲಿ ಬಿಡಮ್ಮ. ಹೆಂಗಸಿನ ಥರ ಅಳ್ತಾ ಕೂತಿದ್ದೆ ಅಂತ ಹೇಳ್ಕೊಂಡು ತಿರುಗ್ಲಾ?" ಅಂದ. ನನ್ನ ವಯಸ್ಸಿನಲ್ಲಿ ಮಾತು ತಪ್ಪಿದರೆ ಮರೆವು ಎಂದು ಬಿಟ್ಟುಬಿಡುತ್ತಾರೆ. ವೇಡ್, ಅವನು ಟ್ರಿಪ್ಲೆಟ್ ಕಡೆ ನೋಡಲೇ ಇಲ್ಲ. ನೀನು ಮುಂದೆ ಬಂದಾಗಿನಿಂದ ಅವನ ಕಣ್ಣೀರು ಸುರಿಯುವುದು ನಿಂತೇ ಇರಲಿಲ್ಲ. ಬಾವುಟ ಆಡಿದಾಗ ಬಿಳಿಯದನ್ನೇ ಗೆಲುವಿನ ಚೌಕಳಿ ಬಾವುಟ ಅಂದುಕೊಂಡ. ತಾತನ ಕಾಲದಲ್ಲಿ ನಮ್ಮೂರಿನವನು ಗೆದ್ದರೆ ಇಡೀ ಗ್ಯಾಲರಿ ಮೆತ್ತೆ ಹಾರಿಸುತ್ತಿತ್ತು. ಅರ್ಲೀನ್ ಅದನ್ನು ಎಂದೋ ನಿಲ್ಲಿಸಿದ್ದಳು, ಅವನ ಕೈ ಅದನ್ನೆಲ್ಲ ಮರೆಯಿತು. "ನನ್ ಮಗ ಗೆದ್ದ!" ಎಂದು ಕೂಗಿಯೇ ಎಸೆದದ್ದು. ಆ ಸದ್ದಿನಲ್ಲಿ ಅದು ಕೇಳಿಸಿದ್ದು ಕಿವಿ ಮಂದವಾದ ನನಗೊಬ್ಬಳಿಗೇ. ಅವನ ಕನ್ನಡಕ ಆಗ ನನ್ನ ಕೈಯಲ್ಲಿತ್ತು ಕಣೋ, ಇನ್ನೂ ಒರೆಸುತ್ತಿದ್ದೆ.