ಎರಡು ಹಿಡಿತದ ಹಾಡು

ಸಂಡೂರು ಕೆಳಕೇರಿ
ಉರಿಮಾಸದ ಆರನೆಯ ದಿನ, ಕ್ರಿ.ಶ. ೨೨೩೧

ತಾಯಿ ಇಂಚರಾ,

ಕ್ಷೇಮವೇ? ನಿಮ್ಮಮ್ಮ ಸುಧಾಮಣಿಯವರ ಮೊಣಕಾಲು ನೋವು ಹೇಗಿದೆ? ನಿಮ್ಮಪ್ಪ ವಾಗೀಶರ ಕೆಮ್ಮು ಇಳಿಯಿತೇ? ನೀನು ಗಿಟಾರ್ ಹಿಡಿದಾಗಲೆಲ್ಲ ಗಂಟಲು ಹರಿಯುವಂತೆ ಜೊತೆಗೆ ಹಾಡುತ್ತಿದ್ದ ತಮ್ಮ ಸಮರ್ಥ ಆರಾಮವೇ?

ತಾಯಿ ಎಂದದ್ದಕ್ಕೆ ನಗಬೇಡ. ವಂಶದಲ್ಲಿ ನೀನು ನನಗಿಂತ ಏಳು ತಲೆಮಾರು ಹಿಂದಿನ ಅಜ್ಜಿ. ಆದರೆ ಈ ಕಾಗದ ಮುಟ್ಟುವಾಗ ನಿನಗಿನ್ನೂ ಹದಿನಾರು, ನನಗೆ ಎಪ್ಪತ್ತು ದಾಟಿದೆ. ಅಜ್ಜಿಗೂ ಮೊಮ್ಮಗಳಿಗೂ ಸಲ್ಲುವ ಮಾತು ನನಗೆ ತಿಳಿದಂತೆ ಅದೊಂದೇ. ನಾನು ಶಾಲೆ ಕಂಡವನಲ್ಲ, ಬಾಗಿಲುಗಳ ಮೇಲಿನ ಬರಹ ನೋಡಿ ನೋಡಿ ಅಕ್ಷರ ಕಲಿತವನು. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ಉರಿಮಾಸ ನಮ್ಮ ಹದಿಮೂರನೆಯ ತಿಂಗಳು. ಬೇಸಿಗೆ ಹನ್ನೆರಡರಲ್ಲಿ ಹಿಡಿಸದೆ ಹಿರಿಯರು ಇನ್ನೊಂದನ್ನು ಸೇರಿಸಿದರು. ಕೆಳಕೇರಿ ಎಂದರೆ ಅದಿರು ತೆಗೆದ ಗುಡ್ಡದ ಹೊಟ್ಟೆಯಲ್ಲಿ ಕೊರೆದ ನಮ್ಮ ಓಣಿ. ಇಲ್ಲಿ ಗೋಡೆ ಮುಟ್ಟಿದರೆ ಅಂಗೈ ಕೆಂಪು, ರೊಟ್ಟಿಯೂ ಒಂದಿಷ್ಟು ಕೆಂಪೇ. ಮಕ್ಕಳಿಗೆ ನಾವು ಕಂಡಿರದ ವಸ್ತುಗಳ ಹೆಸರಿಡುತ್ತೇವೆ. ನನ್ನ ಮೊಮ್ಮಗಳು ಸೋನೆ, ಪಕ್ಕದ ಮನೆಯವನು ಇಬ್ಬನಿಯಪ್ಪ.

ನಿನ್ನ ಗಿಟಾರ್ ನಮ್ಮಲ್ಲಿದೆ. ಬೆನ್ನು ಬಿರುಕು ಬಿಟ್ಟಿದೆ, ಅಂಟು ಹಾಕಿದ್ದೇನೆ. ಕೇರಿಯಲ್ಲಿ ಒಂದು ಕಟ್ಟಳೆ ಇದೆ: ಯಾರೂ ಬಳಸದ ವಸ್ತುವನ್ನು ಬಿಚ್ಚಿ ಮರ ಮರಕ್ಕೆ, ತಂತಿ ತಂತಿಗೆ ಸೇರಿಸಬೇಕು. ಉರಿಮಾಸ ಮುಗಿಯುವ ದಿನ ಹಿರಿಯರು ಬರುತ್ತಾರೆ. ಅಷ್ಟರೊಳಗೆ ಯಾರಾದರೂ ಒಂದೇ ಒಂದು ಹಾಡನ್ನು ಪೂರ್ತಿ ನುಡಿಸಿ ತೋರಿಸಿದರೆ ಗಿಟಾರ್ ಉಳಿಯುತ್ತದೆ. ಇಬ್ಬನಿಯಪ್ಪ ದಿನಾ ಬಾಗಿಲಿಗೆ ಬಂದು, "ಏ ಹಂಪಣ್ಣ, ಬಾರ್ಸದಾದ್ರ ಬಾರ್ಸು, ಇಲ್ಲಾಂದ್ರ ಬಿಚ್ಚಾಕ ಕೊಡು, ನೀರಿನ ರಾಟಿಗೆ ತಂತಿ ಬೇಕಾಗೈತಿ," ಎನ್ನುತ್ತಾನೆ. ಅವನ ಮೇಲೆ ಸಿಟ್ಟಿಲ್ಲ. ನೀರು ಎಲ್ಲರಿಗೂ ಬೇಕು.

ಹಾಡುಗಳಿಗೇನು ಕೊರತೆ ಎಂದು ನೀನು ಕೇಳಬಹುದು. ಉಳಿಕೆಮನೆ ಎಂಬುದೊಂದಿದೆ, ನಿಮ್ಮ ನಂತರದವರು ಮುಚ್ಚಿಟ್ಟು ಹೋದದ್ದೆಲ್ಲ ಅಲ್ಲಿ ನೋಡಲು, ಕೇಳಲು ಸಿಗುತ್ತದೆ. ಪಾಪ, ಅವರು ಜಾಗ ಸಾಲದೆಂದು ಶ್ರೇಷ್ಠವಾದದ್ದನ್ನು ಮಾತ್ರ ಆರಿಸಿ ಇಟ್ಟರು. ದೊಡ್ಡ ದೊಡ್ಡ ವಾದಕರು, ಕಣ್ಣಿಗೆ ಕಾಣದಷ್ಟು ಬೇಗ ಓಡುವ ಬೆರಳುಗಳು. ಮೊದಲ ವಾರ ಕಲಿಯುವ ಹಾಡನ್ನು ಯಾರೂ ಇಡಲಿಲ್ಲ. ಅದು ಎಲ್ಲರಿಗೂ ಗೊತ್ತಿರುವುದು, ಎಲ್ಲಿಗೆ ಹೋಗುತ್ತದೆ ಎಂದುಕೊಂಡರೇನೋ. ಮೇಲಿನ ಅಟ್ಟ ಉಳಿಯಿತು, ಏಣಿ ಉಳಿಯಲಿಲ್ಲ. ಸೋನೆ ಆ ದೊಡ್ಡವರನ್ನು ನೋಡಿ ನುಡಿಸಲು ಹೋಗಿ ಬೆರಳು ಕುಯ್ದುಕೊಂಡಳು.

ನಮ್ಮ ಮನೆತನದಲ್ಲಿ ಹಾಡಿನ ಬಗ್ಗೆ ಒಂದು ಮಾತು ಮಾತ್ರ ಬಾಯಿಂದ ಬಾಯಿಗೆ ಬಂದಿದೆ. ಇಂಚರಜ್ಜಿ ಮೊದಲು ಕಲಿತದ್ದು ಬಲು ಸುಲಭದ ಹಾಡಂತೆ, ಅದಕ್ಕೆ ಎರಡೇ ಹಿಡಿತವಂತೆ. ನೀವು ಕಾರ್ಡ್ ಎನ್ನುವುದನ್ನೇ ನಾವು ಹಿಡಿತ ಎನ್ನುತ್ತೇವೆ. ಸುಲಭವಾಗಿತ್ತು ಎಂಬುದು ಎಲ್ಲರಿಗೂ ನೆನಪಿದೆ, ಹೇಗಿತ್ತೆಂಬುದು ಒಬ್ಬರಿಗೂ ನೆನಪಿಲ್ಲ. ಸುಧಾಮಣಿಯವರ ಮೊಣಕಾಲು ನೋವು ಏಳು ತಲೆಮಾರು ದಾಟಿ ನನ್ನವರೆಗೆ ಬಂತು, ಹಾಡು ಬರಲಿಲ್ಲ.

ಗಿಟಾರಿನ ಕತ್ತಿನ ಮೇಲೆ ನಿನ್ನ ಬೆರಳು ಒತ್ತಿ ಒತ್ತಿ ಮರ ಸವೆದ ಗುಳಿಗಳಿವೆ. ಸೋನೆಯ ಬೆರಳುಗಳನ್ನು ಅಲ್ಲೇ ಇಡಿಸಿದೆ. ಒಂದು ನಾದ ಬಂತು. ಇನ್ನೊಂದು ಕಡೆ ಇಡಿಸಿದೆ, ಇನ್ನೊಂದು ಬಂತು. ತಾಯಿ, ಆ ಕ್ಷಣ ನನ್ನ ಕಣ್ಣು ತುಂಬಿತು. ಆದರೆ ಒಂದರಿಂದ ಇನ್ನೊಂದಕ್ಕೆ ಯಾವಾಗ ಹೋಗಬೇಕು? ಅದರ ಮೇಲೆ ಏನು ಹಾಡಬೇಕು? ಮರದಲ್ಲಿ ಅದು ಉಳಿಯುವುದಿಲ್ಲ. ಕೊನೆಗೆ ಸೋನೆ, "ಅಜ್ಜಾ, ಇದು ಎರಡ ಮಾತಾಡಿ ಸುಮ್ನಾಗತೈತಿ. ನಿನ್ನಂಗ ಇದಕೂ ವಯಸ್ಸಾಗೈತಿ ನೋಡು," ಎಂದು ನಕ್ಕು ಗಿಟಾರನ್ನು ಗೋಡೆಗೆ ಒರಗಿಸಿದಳು. ಆಮೇಲೆ ಮುಟ್ಟಿಲ್ಲ. ಕೇರಿಯಲ್ಲಿ ಇನ್ನು ಪ್ರಯತ್ನಿಸುವವರು ಯಾರೂ ಇಲ್ಲ.

ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಅದು ಹಿಂದಿನ ಕಾಲಕ್ಕೆ ಮಾತ್ರ ಹೋಗುತ್ತದೆ. ಮುಟ್ಟುತ್ತದೋ ಸುಟ್ಟುಹೋಗುತ್ತದೋ ಅಂಚೆಯವನಿಗೂ ಗೊತ್ತಿಲ್ಲ. ನಿನ್ನ ಉತ್ತರ ಮಾತ್ರ ಎಲ್ಲರಂತೆ ಒಂದೊಂದೇ ದಿನ ಕಳೆದು, ಗಿಟಾರಿನ ಜೊತೆಗೇ ಇಲ್ಲಿಗೆ ಬರಬೇಕು. ಆದ್ದರಿಂದ ಹೀಗೆ ಮಾಡು. ಆ ಸುಲಭದ ಹಾಡನ್ನು ಸಾಲು ಸಾಲಾಗಿ ಬರೆ, ಹಿಡಿತ ಎಲ್ಲಿ ಬದಲಾಗುತ್ತದೆಂದು ಗುರುತು ಹಾಕು, ಸಮರ್ಥ ಎಲ್ಲಿ ಕೂಗುತ್ತಿದ್ದ ಎಂಬುದನ್ನೂ ಬರೆ. ಗಿಟಾರಿನ ತಂತಿಯ ಕೆಳಗಿನ ದುಂಡು ಬಾಯಿಯೊಳಗೆ ಕೈಹಾಕಿ, ಆ ಕಾಗದವನ್ನು ಒಳಮೈಗೆ ಅಂಟಿಸು.

ಈ ಬೆಳಿಗ್ಗೆಯೂ ದೀಪ ಹಿಡಿದು ಅದರೊಳಗೆ ನೋಡಿದೆ. ಕೆಂಪು ಧೂಳಿತ್ತು, ಬೇರೇನೂ ಇರಲಿಲ್ಲ. ನೀನು ಬರೆದಿದ್ದರೆ ಅದು ಈಗಾಗಲೇ ಅಲ್ಲಿರಬೇಕಿತ್ತು; ಅಷ್ಟು ತಿಳಿಯದ ಮುದುಕನಲ್ಲ ನಾನು. ಸೋನೆಗೆ ಮಾತ್ರ, ಅಜ್ಜಿಯ ಕಾಗದ ದಾರಿಯಲ್ಲಿದೆ ಎಂದಿದ್ದೇನೆ.

ಬೇಗ ಬರೆ, ತಾಯಿ.

ನಿನ್ನ
ಹಂಪಣ್ಣ